ದೇವರು ಕೇಳಿದ್ದನ್ನು ಕೊಡುತ್ತಿದ್ದೇವೆಯೇ? ಆರಾಧನೆಯನ್ನು ಪರೀಕ್ಷಿಸಿಕೊಳ್ಳುವ ಬಗೆ

ನಮ್ಮ ಕ್ರೈಸ್ತ ಸಭೆಯಲ್ಲಿ ಭಾನುವಾರದ ಹಾಡು ನಡೆಸುವ ಹೊಣೆ ನನ್ನದು. "ನಮ್ಮ ಆರಾಧನೆ ಇನ್ನೂ ಆಳವಾಗಬೇಕು, ಏನು ಮಾಡೋಣ?" ಎಂದು ಯುವಕರು ಕೇಳುತ್ತಿರುತ್ತಾರೆ. ಹೊಸದೇನನ್ನಾದರೂ ಸೇರಿಸುವುದು ಅವರ ಆಸೆ: ಇನ್ನೊಂದು ಉಪವಾಸ, ಇಡೀ ರಾತ್ರಿಯ ಪ್ರಾರ್ಥನೆ. ಮೊದಲು ಸತ್ಯವೇದದ (ಬೈಬಲಿನ) 1 ಅರಸುಗಳು ಪುಸ್ತಕದ 12ನೇ ಅಧ್ಯಾಯ ಓದಿ ಬನ್ನಿ ಅನ್ನುತ್ತೇನೆ.

ಅಲ್ಲಿನ ಇಸ್ರಾಯೇಲಿನ ಅರಸ ಯಾರೊಬ್ಬಾಮನೇನು ಆರಾಧನೆಯನ್ನು ನಿಲ್ಲಿಸಲಿಲ್ಲ. ಬೇತೇಲಿನಲ್ಲೊಂದು, ದಾನಿನಲ್ಲೊಂದು ಬಂಗಾರದ ಹೋರಿಕರು ನಿಲ್ಲಿಸಿದ. ಎಂಟನೆಯ ತಿಂಗಳ 15ನೇ ದಿನಕ್ಕೆ ತಾನೇ ಒಂದು ಹಬ್ಬ ಗೊತ್ತುಮಾಡಿದ. ದೇವರ ಸೇವೆಗೆ ನೇಮಕವಾದ ಲೇವಿ ಕುಲದವರಲ್ಲದವರನ್ನು ಯಾಜಕರನ್ನಾಗಿ ಮಾಡಿದ. ಜನ ಯೆರೂಸಲೇಮಿನ ದೇವಾಲಯಕ್ಕೆ ಹೋಗಿಬಂದರೆ ಅಲ್ಲಿನ ಯೆಹೂದದ ಅರಸನ ಕಡೆ ವಾಲಿ, ರಾಜ್ಯ ಕೈತಪ್ಪೀತೆಂಬ ಭಯ ಅವನಿಗೆ. ನಾವೇ ಕಟ್ಟಿಕೊಂಡ ಭಕ್ತಿಯ ಹಿಂದೆ ಬಹಳ ಸಲ ಇಂಥದ್ದೇ ಲೆಕ್ಕಾಚಾರ ಇರುತ್ತದೆ. ದೇವರು ಕೇಳಿದ್ದು ಕಷ್ಟ ಅನ್ನಿಸಿದಾಗ, ಕೇಳದೇ ಇದ್ದದ್ದನ್ನು ಧಾರಾಳವಾಗಿ ಕೊಡುತ್ತೇವೆ.

ಹಾಗಾಗಿ ಒಂದು ಹಾಳೆ ತೆಗೆದುಕೊಳ್ಳಿ. ನೀವು ದೇವರಿಗಾಗಿ ಮಾಡುತ್ತಿರುವುದನ್ನೆಲ್ಲ ಎಡಕ್ಕೆ ಬರೆಯಿರಿ. ಸತ್ಯವೇದ ಸ್ಪಷ್ಟವಾಗಿ ಹೇಳಿದ್ದರೂ ನೀವು ಮುಂದೂಡುತ್ತಿರುವುದನ್ನು ಬಲಕ್ಕೆ ಬರೆಯಿರಿ. ಬರೆದೇ ಮಾಡಿ, ಮನಸ್ಸಿನಲ್ಲೇ ಮಾಡಿದರೆ ನಮಗೆ ನಾವೇ ವಕೀಲರಾಗಿಬಿಡುತ್ತೇವೆ. ಮಾರ್ಕ 7ರಲ್ಲಿ ಯೇಸು ಹಿಡಿದು ತೋರಿಸಿದ್ದು ಇದನ್ನೇ: ತಂದೆತಾಯಿಗೆ ಸಲ್ಲಬೇಕಾದದ್ದನ್ನು 'ಕೊರ್ಬಾನ್' ಅಂದರೆ ದೇವರಿಗೆ ಮುಡಿಪು ಎಂದು ಹೇಳಿ ಜಾರಿಕೊಳ್ಳುವವರನ್ನು.

ಬಲಗಡೆ ನಿಮ್ಮೊಡನೆ ಮನಸ್ತಾಪವಿರುವ ಯಾರದಾದರೂ ಹೆಸರು ಬಂದಿದ್ದರೆ ಮತ್ತಾಯ 5:23-24 ನಿಮಗೇ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು, ಹೋಗಿ ಸಮಾಧಾನ ಮಾಡಿಕೊಂಡು, ಆಮೇಲೆ ಬಂದು ಅರ್ಪಿಸು ಎನ್ನುತ್ತದೆ ಆ ಮಾತು. ಭಾನುವಾರ ಬೆಳಗಿನವರೆಗೆ ಕಾಯಬೇಡಿ, ಶನಿವಾರವೇ ಮುಗಿಸಿ. ಉದ್ದುದ್ದ ಮೆಸೇಜ್ ಬೇಡ. ಹೋಗಿ ಭೇಟಿಯಾಗಿ, ಆಗದಿದ್ದರೆ ಫೋನ್ ಮಾಡಿ. "ನಿನ್ನದೂ ತಪ್ಪಿತ್ತು, ಆದರೂ..." ಎಂದು ಶುರುಮಾಡಿದರೆ ಅದು ಸಮಾಧಾನವಲ್ಲ, ಎರಡನೇ ಸುತ್ತಿನ ಜಗಳ. ಅವರು ಒಪ್ಪದಿದ್ದರೆ? ನಿಮ್ಮಿಂದಾಗುವಷ್ಟು ಮಾಡಿ ಎಂದಷ್ಟೇ ರೋಮಾಪುರದವರಿಗೆ 12:18 ಹೇಳುತ್ತದೆ. ಆಮೇಲೆ ಬಂದು ಹಾಡಿ.

ಹಾಗಾದರೆ ಉಪವಾಸ ಬಿಡಬೇಕೇ? ಬೇಡ. ಆದರೆ ಒಮ್ಮೆ ಯಾರಿಗೂ ಗೊತ್ತಾಗದಂತೆ ಮಾಡಿ ನೋಡಿ. ಹೇಳಿಕೊಳ್ಳಲು ಯಾರೂ ಇಲ್ಲದಿದ್ದಾಗ ಆಸಕ್ತಿ ಉಳಿಯುತ್ತದೆಯೇ? ಇನ್ನೊಂದು ಪರೀಕ್ಷೆ ಕೊಲೊಸ್ಸೆಯವರಿಗೆ 2:21-23ರಲ್ಲಿದೆ: ಹಿಡಿಯಬೇಡ, ರುಚಿ ನೋಡಬೇಡ ಎಂಬ ಸ್ವಂತ ನಿಯಮಗಳು ಜ್ಞಾನದಂತೆ ಕಂಡರೂ ಶರೀರದ ದುರಿಚ್ಛೆಯನ್ನು ತಡೆಯಲಾರವು. ಉಪವಾಸದ ದಿನ ನೀವು ಹೇಗಿರುತ್ತೀರಿ ಎಂದು ಮನೆಯವರನ್ನೇ ಕೇಳಿ. ಉಪವಾಸ ಮಾಡಿ ಜಗಳವಾಡುವವರನ್ನೂ ಕೆಲಸದವರನ್ನು ಹಿಂಸಿಸುವವರನ್ನೂ ಯೆಶಾಯ 58 ಹೆಸರಿಡದೆ ಗುರುತಿಸಿದೆ.

ಗಿಟಾರ್ ಬೇಕೇ, ಕೈ ಎತ್ತಬೇಕೇ ಎಂಬ ವಾದಕ್ಕೆ ನಾನು ಕೂರುವುದಿಲ್ಲ. ಆದರೆ ಇಲ್ಲದ ಸಂತೋಷವನ್ನು ಮೈಕಿನ ಮುಂದೆ ತಯಾರಿಸುವುದು ನನಗೆ ಹಿಡಿಸದು. ಮನಸ್ಸು ಕುಗ್ಗಿದ ವಾರ 88ನೇ ಕೀರ್ತನೆಯನ್ನು ಗಟ್ಟಿಯಾಗಿ ಓದಿಸುತ್ತೇನೆ. ಅದು ಕತ್ತಲಿನ ಮಾತಿನಲ್ಲೇ ಮುಗಿಯುತ್ತದೆ. ಯಾರಾದರೂ ಹುಬ್ಬೇರಿಸಿದರೆ ಪುಟ ತೆರೆದು ತೋರಿಸುತ್ತೇನೆ.