ಸಸಿ ತರೋದಕ್ಕೆ ಮುಂಚೆ ಒಂದು ಕುರ್ಚಿ ಹಾಕ್ಕೊಂಡು ಕೂತ್ಕೊಳ್ಳಿ: ಬಾಳಿಕೆ ಬರೋ ತೋಟಕ್ಕೆ ಪ್ಲಾನ್ ಮಾಡೋದು ಹೇಗೆ

ತೋಟ ಮಾಡ್ಬೇಕು ಅಂತ ಮನಸ್ಸಿಗೆ ಬಂದ ತಕ್ಷಣ ಬಹಳ ಜನ ಮೊದಲು ಹೋಗೋದು ನರ್ಸರಿಗೆ. ಅಲ್ಲಿ ಹೂ ಬಿಟ್ಕೊಂಡು ನಿಂತಿರೋ ಗಿಡಗಳನ್ನ ನೋಡಿದ್ರೆ ಕೈ ಸುಮ್ಮನಿರಲ್ಲ, ಹತ್ತು ಹದಿನೈದು ತಂದು, ಎಲ್ಲಿ ಖಾಲಿ ಕಾಣುತ್ತೋ ಅಲ್ಲಿ ನೆಟ್ಟು, ಆರು ತಿಂಗಳು ಚೆನ್ನಾಗಿ ನೋಡ್ಕೊಂಡು, ಆಮೇಲೆ ಎರಡನೇ ವರ್ಷಕ್ಕೆ ಅರ್ಧ ಒಣಗಿ ಇನ್ನರ್ಧ ಒಂದರ ಮೇಲೊಂದು ಬಿದ್ದು, ಮನೆಯವರು ಯಾರೂ ಆ ಕಡೆ ಕಾಲಿಡದ ಹಾಗೆ ಆಗ್ಬಿಡುತ್ತೆ. ಇದು ಗಿಡದ ತಪ್ಪಲ್ಲ, ಕೈಗುಣದ್ದೂ ಅಲ್ಲ, ಕೆಲಸದ ಕ್ರಮ ತಲೆಕೆಳಗಾಗಿರೋದ್ರಿಂದ ಆಗೋದು. ಮೊದಲು ಜನ, ಆಮೇಲೆ ಜಾಗ, ಅದಾದ್ಮೇಲೆ ಕಾಗದ, ಕೊನೆಗೆ ಗಿಡ. ಈ ಸಾಲಲ್ಲಿ ಹೋಗಿ, ಸಣ್ಣ ಅಂಗಳ ಆದ್ರೂ ಸರಿ, ದೊಡ್ಡ ಜಾಗ ಆದ್ರೂ ಸರಿ.

ಮೊದಲ ಹಾಳೆ: ಯಾರಿಗೋಸ್ಕರ ಈ ತೋಟ

ಒಂದು ಹಾಳೆ ತಗೊಂಡು ಆ ತೋಟನ ಬಳಸೋ ಪ್ರತಿಯೊಬ್ಬರ ಹೆಸರು ಬರೀರಿ. ಪಕ್ಕದಲ್ಲಿ ವಯಸ್ಸು. ಅದರ ಪಕ್ಕದಲ್ಲಿ ಇವತ್ತಿನ ವಯಸ್ಸಿಗೆ 10 ಕೂಡಿಸಿ ಬರೀರಿ, ಯಾಕಂದ್ರೆ ನೀವು ಇವತ್ತು ನೆಡೋ ಮರ ನೆರಳು ಕೊಡೋ ಹೊತ್ತಿಗೆ ಇವತ್ತಿನ ನಾಲ್ಕು ವರ್ಷದ ಮಗು ಮರಳಲ್ಲಿ ಆಡೋ ವಯಸ್ಸು ದಾಟಿರುತ್ತೆ, ಇವತ್ತು ಮಂಡಿಯೂರಿ ಕಳೆ ಕೀಳೋರಿಗೆ ಮಂಡಿ ಬಗ್ಗಲ್ಲ. ಈ ಒಂದು ಲೆಕ್ಕ ಮಾಡಿದ್ರೆ ಅರ್ಧ ಪ್ಲಾನು ತಾನಾಗೇ ಬದಲಾಗುತ್ತೆ.

ಆಮೇಲೆ ಅವರ ಹತ್ರ ಮಾತಾಡಿ. "ತೋಟ ಹೇಗಿರ್ಬೇಕು" ಅಂತ ಕೇಳಿದ್ರೆ "ಚೆನ್ನಾಗಿರ್ಬೇಕು" ಅಂತಾರೆ, ಅದ್ರಿಂದ ಏನೂ ಸಿಗಲ್ಲ. ದಿನದ ಯಾವ ಹೊತ್ತಲ್ಲಿ ಹೊರಗೆ ಬರ್ತೀರಾ, ಬಂದ್ರೆ ಎಷ್ಟು ಹೊತ್ತು ಇರ್ತೀರಾ, ಒಬ್ಬರೇ ಕೂರೋದು ಇಷ್ಟಾನಾ ನಾಲ್ಕು ಜನದ ಜೊತೆಗಾ, ಈಗ ಹೊರಗೆ ಬರದೇ ಇರೋದಕ್ಕೆ ಏನು ಅಡ್ಡಿ, ಹೀಗೆ ಕೇಳಿ. ಕೊನೆಯ ಪ್ರಶ್ನೆಗೆ ಬರೋ ಉತ್ತರ ಚಿನ್ನದಂಥದ್ದು. ನಾನು ನೋಡಿದ ಒಂದು ತೋಟದಲ್ಲಿ ಗಿಡಗಳು ಒಂದಕ್ಕಿಂತ ಒಂದು ಚೆನ್ನಾಗಿದ್ವು, ಆದ್ರೆ ಮನೆಯ ಹಿರಿಯರು ಮಾತ್ರ ಕಿಟಕಿಯಿಂದಲೇ ನೋಡ್ತಿದ್ರು, ಕಾರಣ ಹಿತ್ತಲ ಬಾಗಿಲಿನ ಮೂರು ಮೆಟ್ಟಿಲಿಗೆ ಹಿಡ್ಕೊಳ್ಳೋಕೆ ಒಂದು ಕಂಬಿ ಇರ್ಲಿಲ್ಲ. ಕಂಬಿ ಹಾಕಿದ ವಾರದಲ್ಲೇ ಅವರು ಬೆಳಗ್ಗೆ ಸಂಜೆ ತೋಟದಲ್ಲೇ ಇರೋಕೆ ಶುರು ಮಾಡಿದ್ರು. ಮೂರು ಮೆಟ್ಟಿಲಿನ ಬಗ್ಗೆ ಅಲ್ಲಿವರೆಗೂ ಅವರನ್ನ ಯಾರೂ ಕೇಳೇ ಇರ್ಲಿಲ್ಲ.

ಕಿಟಕಿಯಿಂದ ನೋಡೋದೂ ಒಂದು ಬಳಕೆನೇ, ಅದನ್ನ ಕಡೆಗಣಿಸಬೇಡಿ. 1984ರಲ್ಲಿ ರೋಜರ್ ಉಲ್ರಿಚ್ ಅನ್ನೋ ಸಂಶೋಧಕರು ಪಿತ್ತಕೋಶದ ಆಪರೇಷನ್ ಆದ ರೋಗಿಗಳ ದಾಖಲೆ ಹೋಲಿಸಿ ನೋಡಿದ್ರು: ಕಿಟಕಿಯಾಚೆ ಮರ ಕಾಣ್ತಿದ್ದವರು ಇಟ್ಟಿಗೆ ಗೋಡೆ ಕಾಣ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ರು, ಸ್ಟ್ರಾಂಗ್ ನೋವಿನ ಔಷಧಿನೂ ಕಮ್ಮಿ ತಗೊಂಡಿದ್ರು. ಹಾಗಾಗಿ ಮನೆಯೊಳಗೆ ಜಾಸ್ತಿ ಹೊತ್ತು ಕಳೆಯೋ ಜಾಗದಿಂದ, ಹಾಸಿಗೆ ಹಿಡಿದವರಿದ್ರೆ ಅವರ ಮಂಚದಿಂದ, ಏನು ಕಾಣುತ್ತೆ ಅಂತಲೂ ಈ ಹಾಳೆಯಲ್ಲಿ ಬರ್ಕೊಳ್ಳಿ.

ಇನ್ನೊಂದು ಕಾಲಂ ಇರ್ಲಿ, ವಾರಕ್ಕೆ ಯಾರು ಎಷ್ಟು ಗಂಟೆ ಕೆಲಸ ಮಾಡ್ತಾರೆ ಅಂತ. ನನ್ನ ಪ್ರಕಾರ ಇದು ಎಲ್ಲಕ್ಕಿಂತ ಮುಖ್ಯವಾದ ನಂಬರು, ಜಾಗದ ಅಳತೆಗಿಂತಲೂ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ತೋಟದಲ್ಲಿ ಆ ಹಾಸಿಗೆ ಅಂದ್ರೆ ನಿಮ್ಮ ಬಿಡುವು. ಲಾನ್, ಕತ್ತರಿಸಿ ಶೇಪ್ ಕೊಡೋ ಬೇಲಿ, ಕುಂಡದ ಗಿಡ, ತರಕಾರಿ ಮಡಿ, ಇವು ನಾಲ್ಕೂ ದಿನಾ ಇಲ್ಲಾ ವಾರಾ ಕೈ ಕೇಳ್ತವೆ. ಪೊದೆಗಳು, ಬಹುವಾರ್ಷಿಕ ಗಿಡಗಳು, ಮರಗಳು ಬೇರೂರಿದ ಮೇಲೆ ಅಷ್ಟು ಕೇಳಲ್ಲ. ವಾರಕ್ಕೆ ಎರಡೇ ಗಂಟೆ ಸಿಗೋದು ಅಂತಾದ್ರೆ ಮೊದಲ ಗುಂಪಿಂದ ಒಂದನ್ನ ಮಾತ್ರ ಆರಿಸ್ಕೊಳ್ಳಿ, ಅದೂ ಮನೆಯವರಿಗೆ ನಿಜವಾಗ್ಲೂ ಬೇಕಿರೋದನ್ನ.

ಜಾಗಾನ ಓದೋದು

ಈಗ ಕುರ್ಚಿ ತಗೊಂಡು ಹೊರಗೆ ಹೋಗಿ. ಬೆಳಗ್ಗೆ 8ಕ್ಕೆ, ಮಧ್ಯಾಹ್ನ 12ಕ್ಕೆ, ಸಂಜೆ 4ಕ್ಕೆ ನೆರಳು ಎಲ್ಲಿವರೆಗೆ ಬಂದಿದೆ ಅಂತ ಒರಟಾಗಿ ಗೀಚ್ಕೊಳ್ಳಿ, ಸಾಧ್ಯ ಆದ್ರೆ ಬೇಸಿಗೆ ಚಳಿಗಾಲ ಎರಡರಲ್ಲೂ. ಚಳಿಗಾಲದಲ್ಲಿ ಸೂರ್ಯ ತಗ್ಗಿ ಓಡಾಡೋದ್ರಿಂದ ನೆರಳು ಉದ್ದ ಬೀಳುತ್ತೆ, ಬೇಸಿಗೇಲಿ ಬಿಸಿಲಿದ್ದ ಮೂಲೆ ಆಗ ಪೂರ್ತಿ ಕತ್ತಲಾಗಿರ್ಬಹುದು. ಗಿಡದ ಲೇಬಲ್ ಮೇಲೆ ಪೂರ್ತಿ ಬಿಸಿಲು ಅಂತ ಇದ್ರೆ ದಿನಕ್ಕೆ 6 ಗಂಟೆಗಿಂತ ಕಮ್ಮಿ ಇಲ್ಲದ ನೇರ ಬಿಸಿಲು ಅಂತ ಅರ್ಥ, ಅರೆನೆರಳು ಅಂದ್ರೆ ಸುಮಾರು 3ರಿಂದ 6 ಗಂಟೆ.

ಮಳೆ ಬರುವಾಗ ಕೊಡೆ ಹಿಡ್ಕೊಂಡು ಒಂದು ಸುತ್ತು ಹಾಕಿ ಬನ್ನಿ. ನೀರು ಎಲ್ಲಿಂದ ಬಂದು ಎಲ್ಲಿ ನಿಲ್ಲುತ್ತೆ ಅನ್ನೋದನ್ನ ಯಾವ ಡ್ರಾಯಿಂಗೂ ಅಷ್ಟು ಸರಿಯಾಗಿ ಹೇಳಲ್ಲ. ಮನೆ ಗೋಡೆ ಕಡೆಗೆ ಹರೀತಿದ್ರೆ ಮೊದಲು ಅದನ್ನ ಸರಿ ಮಾಡ್ಬೇಕು, ನೆಲ ಗೋಡೆಯಿಂದ ಆಚೆಗೆ ಇಳಿಜಾರಾಗಿರ್ಬೇಕು, ಕಲ್ಲು ಹಾಸಿದ ಜಾಗದಲ್ಲಿ 50 ಸೆಂ.ಮೀ.ಗೆ 1 ಸೆಂ.ಮೀ. ಇಳಿದ್ರೂ ಸಾಕಾಗುತ್ತೆ.

ಮಣ್ಣಿಗೆ ಎರಡು ಪರೀಕ್ಷೆ, ಎರಡಕ್ಕೂ ಖರ್ಚಿಲ್ಲ. ಒಂದು ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು ಹಾಕಿ ನೀರು ತುಂಬಿ ಜೋರಾಗಿ ಅಲ್ಲಾಡಿಸಿ ಇಟ್ಬಿಡಿ: ಮರಳು ಒಂದೆರಡು ನಿಮಿಷದಲ್ಲೇ ತಳ ಸೇರುತ್ತೆ, ಹೂಳುಮಣ್ಣು ಕೆಲವು ಗಂಟೆ ತಗೊಳ್ಳುತ್ತೆ, ಜೇಡಿಗೆ ಒಂದು ದಿನಾನೋ ಅದಕ್ಕೂ ಜಾಸ್ತಿನೋ ಬೇಕು, ಪದರಗಳ ದಪ್ಪ ನೋಡಿದ್ರೆ ನಿಮ್ಮ ಮಣ್ಣು ಎಂಥದ್ದು ಅಂತ ಗೊತ್ತಾಗುತ್ತೆ. ಇನ್ನೊಂದು, 30 ಸೆಂ.ಮೀ. ಆಳ ಅಗಲದ ಗುಂಡಿ ತೋಡಿ ನೀರು ತುಂಬಿಸಿ ಇಂಗೋಕೆ ಬಿಡಿ, ಮತ್ತೆ ತುಂಬಿಸಿ ಗಂಟೆಗೆ ಎಷ್ಟು ಇಳೀತು ಅಂತ ಸ್ಕೇಲಲ್ಲಿ ಅಳೀರಿ. ಗಂಟೆಗೆ 2.5 ಸೆಂ.ಮೀ.ಗಿಂತ ಕಮ್ಮಿ ಇಳಿದ್ರೆ ಅಲ್ಲಿ ಬೇರು ಕೊಳೆಯೋ ಸಾಧ್ಯತೆ ಇದೆ, ಒಂದೋ ಮಡಿ ಎತ್ತರಿಸಿ ಇಲ್ಲಾ ತೇವ ತಡ್ಕೊಳ್ಳೋ ಗಿಡ ಹಾಕಿ. ಜೇಡಿಮಣ್ಣು ಸಡಿಲ ಆಗ್ಲಿ ಅಂತ ಸ್ವಲ್ಪ ಮರಳು ಬೆರೆಸೋರಿದ್ದಾರೆ, ದಯವಿಟ್ಟು ಮಾಡಬೇಡಿ, ಅದು ಇನ್ನೂ ಗಟ್ಟಿ ಕಟ್ಕೊಳ್ಳುತ್ತೆ. ಕಾಂಪೋಸ್ಟೇ ದಾರಿ, ವರ್ಷ ವರ್ಷ ಹಾಕ್ತಾ ಹೋಗ್ಬೇಕು.

ಗಾಳಿ ಜೋರಿರೋ ಜಾಗದಲ್ಲಿ ಎತ್ತರದ ಗೋಡೆ ಕಟ್ಟೋ ಯೋಚನೆ ಬರುತ್ತೆ, ಆದ್ರೆ ಗೋಡೆಗೆ ಹೊಡೆದ ಗಾಳಿ ಮೇಲೆ ಹಾರಿ ಆಚೆ ಕಡೆ ಸುಳಿ ಸುತ್ಕೊಂಡು ಬೀಳುತ್ತೆ. ಅರ್ಧಕ್ಕರ್ಧ ಗಾಳಿ ಸೋಸಿ ಬಿಡೋ ಗಿಡದ ಬೇಲಿ ಅದಕ್ಕಿಂತ ಒಳ್ಳೇದು, ಅದರ ಎತ್ತರದ ಸುಮಾರು 10 ಪಟ್ಟು ದೂರದವರೆಗೂ ಗಾಳಿಯ ರಭಸ ಕಮ್ಮಿ ಆಗಿರುತ್ತೆ.

ನೆಲದೊಳಗಿನ ಪೈಪು, ಕೇಬಲ್ಲು, ಒಳಚರಂಡಿ ಎಲ್ಲಿವೆ ಅಂತ ಅಗೆಯೋಕೆ ಮುಂಚೆನೇ ಪತ್ತೆ ಮಾಡಿ. ತಲೆ ಮೇಲಿನ ವೈರನ್ನೂ.

ಕಾಗದದ ಮೇಲೆ

ಮೀಟರಿಗೆ 1 ಸೆಂ.ಮೀ. ಲೆಕ್ಕದಲ್ಲಿ ಚೌಕಳಿ ಹಾಳೆ ಮೇಲೆ ಜಾಗದ ನಕ್ಷೆ ಹಾಕಿ. ನಾಲ್ಕು ಬದಿ ಅಳೆದ್ರೆ ಸಾಲದು, ಎರಡು ಕರ್ಣಾನೂ ಅಳೀರಿ, ನೇರ ಚೌಕ ಅಂತ ನಾವು ನಂಬಿರೋ ಎಷ್ಟೋ ಅಂಗಳಗಳು ಸೊಟ್ಟಗಿರ್ತವೆ. ಈ ಮೂಲ ಹಾಳೆ ಮೇಲೆ ಏನೂ ಗೀಚದೆ ನಾಲ್ಕೈದು ಜೆರಾಕ್ಸ್ ಮಾಡಿಸಿ ಇಟ್ಕೊಂಡು, ಒಂದೊಂದರ ಮೇಲೂ ಗಿಡದ ಹೆಸರು ಬರೀದೆ ಬರೀ ಗುಳ್ಳೆ ಗುಳ್ಳೆ ಬಿಡಿಸಿ: ಇಲ್ಲಿ ಕೂರೋದು, ಇಲ್ಲಿ ಮಕ್ಕಳಾಟ, ಇಲ್ಲಿ ಬಟ್ಟೆ ಒಣಗಿಸೋದು, ಇಲ್ಲಿ ಕಾಂಪೋಸ್ಟ್ ತೊಟ್ಟಿ, ಇಲ್ಲಿ ಸಲಕರಣೆ. ಮೊದಲನೇ ಐಡಿಯಾಗೇ ಅಂಟ್ಕೊಳ್ಳಬೇಡಿ, ಮೂರು ಬೇರೆ ಬೇರೆ ಥರ ಹಾಕಿ ನೋಡಿ, ಹಾಳೆ ಮೇಲೆ ಬದಲಾಯಿಸೋದು ಸುಲಭ, ಕಾಂಕ್ರೀಟ್ ಹಾಕಿದ ಮೇಲೆ ಅಲ್ಲ.

ದಾರಿ ಎಲ್ಲಿ ಬರ್ಬೇಕು ಅಂತ ತಲೆ ಕೆಡಿಸ್ಕೊಳ್ಳೋ ಬದಲು ಜನ ಈಗಾಗ್ಲೇ ಎಲ್ಲಿ ನಡೀತಾರೆ ನೋಡಿ. ಹುಲ್ಲು ಸವೆದು ಮಣ್ಣು ಕಾಣೋ ಕಾಲುಹಾದಿನೇ ಸರಿಯಾದ ದಾರಿ. ಚೆಂದಕ್ಕೆ ಅಂತ ಸುತ್ತು ಬಳಸಿ ದಾರಿ ಮಾಡಿದ್ರೆ ಜನ ಪಾತಿ ತುಳ್ಕೊಂಡು ಅಡ್ಡ ಹೋಗ್ತಾರೆ, ಅವರನ್ನ ಬೈದು ಪ್ರಯೋಜನ ಇಲ್ಲ.

ಅಳತೆಗಳ ವಿಷಯದಲ್ಲಿ ಜಿಪುಣತನ ಬೇಡ. ವೀಲ್‌ಚೇರ್ ಹೋಗ್ಬೇಕು ಅಂದ್ರೆ ದಾರಿ ಕಮ್ಮಿ ಅಂದ್ರೂ 90 ಸೆಂ.ಮೀ. ಅಗಲ ಬೇಕು, ತಿರುಗಿಸೋಕೆ ಅಥವಾ ಇಬ್ಬರು ಅಕ್ಕಪಕ್ಕ ಮಾತಾಡ್ಕೊಂಡು ನಡೆಯೋಕೆ ಒಂದೂವರೆ ಮೀಟರ್. ರ‍್ಯಾಂಪ್ 12ಕ್ಕೆ 1ಕ್ಕಿಂತ (ಅಂದ್ರೆ 12 ಅಡಿ ಉದ್ದಕ್ಕೆ 1 ಅಡಿ ಏರು) ಕಡಿದಾಗಿರಬಾರದು, 20ಕ್ಕೆ 1 ಇದ್ರೆ ಆರಾಮು. ಹೊರಗಿನ ಮೆಟ್ಟಿಲು ಮನೆಯೊಳಗಿನದಕ್ಕಿಂತ ತಗ್ಗಾಗಿ ಅಗಲವಾಗಿರ್ಬೇಕು, ಎತ್ತರ 15 ಸೆಂ.ಮೀ. ಇದ್ರೆ ಪಾದ ಇಡೋ ಜಾಗ 30ಕ್ಕಿಂತ ಜಾಸ್ತಿ ಇರ್ಲಿ, ಮತ್ತೆ ಎಲ್ಲಾ ಮೆಟ್ಟಿಲೂ ಒಂದೇ ಎತ್ತರ ಇರ್ಬೇಕು. ಪಾತಿಗೆ ಎರಡೂ ಕಡೆಯಿಂದ ಕೈ ಹೋಗೋ ಹಾಗಿದ್ರೆ 1.2 ಮೀಟರ್ ಅಗಲ, ಒಂದೇ ಕಡೆಯಿಂದ ಆದ್ರೆ 60 ಸೆಂ.ಮೀ., ಆಗ ಮಣ್ಣು ತುಳಿಯೋ ಪ್ರಸಂಗನೇ ಬರಲ್ಲ. ಕೂತ್ಕೊಂಡು ಕೆಲಸ ಮಾಡೋರಿಗೆ 60ರಿಂದ 75 ಸೆಂ.ಮೀ. ಎತ್ತರದ ಕಟ್ಟೆ ಪಾತಿ ಅನುಕೂಲ.

ಮರೆವಿನ ಕಾಯಿಲೆ ಇರೋರು ಬಳಸೋ ತೋಟದಲ್ಲಿ ದಾರಿ ಎಲ್ಲೂ ಗೋಡೆಗೆ ಹೋಗಿ ನಿಲ್ಲಬಾರದು, ಸುತ್ತಿ ಹೊರಟ ಬಾಗಿಲಿಗೇ ವಾಪಸ್ ಬರ್ಬೇಕು. ನೆಲದ ಬಣ್ಣನೂ ಒಂದೇ ಥರ ಇರ್ಲಿ, ಮಧ್ಯೆ ಕಪ್ಪು ಕಲ್ಲಿನ ಪಟ್ಟಿ ಬಂದ್ರೆ ಅವರಿಗೆ ಅದು ಹಳ್ಳದ ಹಾಗೆ ಕಂಡು ಅಲ್ಲೇ ನಿಂತ್ಬಿಡ್ತಾರೆ. ಕಣ್ಣು ಮಂಜಾದವರಿಗೆ ಹಳದಿ, ಕಿತ್ತಳೆ, ಕೆಂಪು ಹೂ ನೀಲಿಗಿಂತ ಬೇಗ ಕಾಣ್ಸುತ್ತೆ, ಪರಿಮಳದ ಗಿಡಗಳನ್ನ ಕೂರೋ ಜಾಗದ ಪಕ್ಕದಲ್ಲೇ ಹಾಕಿ. ಮಕ್ಕಳ ಜಾಗ ದೊಡ್ಡವರು ಸದಾ ಇರೋ ಕಿಟಕಿಗೆ ಕಾಣೋ ಹಾಗಿರ್ಲಿ, ಕಣಗಿಲೆ, ದತ್ತೂರಿ, ಹರಳು ಇವು ವಿಷದ ಗಿಡಗಳು, ಪುಟ್ಟ ಮಕ್ಕಳಿರೋ ಕಡೆ ಬೇಡವೇ ಬೇಡ.

ಕೂರೋ ಜಾಗಕ್ಕೆ ಬೆನ್ನ ಹಿಂದೆ ಏನಾದ್ರೂ ಇರ್ಬೇಕು, ಗೋಡೆನೋ ಪೊದೆನೋ, ಮುಂದೆ ನೋಟ ಬಿಚ್ಕೊಂಡಿರ್ಬೇಕು. ನಡು ಅಂಗಳದಲ್ಲಿ ಬೆಂಚು ಹಾಕಿದ್ರೆ ಯಾರೂ ಹೋಗಿ ಕೂರಲ್ಲ, ಬೇಕಾದ್ರೆ ಪರೀಕ್ಷೆ ಮಾಡಿ ನೋಡಿ.

ಹಾಳೆ ಮೇಲೆ ತೃಪ್ತಿ ಆದ್ಮೇಲೆ ನೆಲದ ಮೇಲೆ ಹಗ್ಗ, ಗೂಟ, ನೀರಿನ ಪೈಪು ಹಾಸಿ ಅದೇ ಆಕಾರ ಮಾಡಿ ಒಂದು ವಾರ ಅದರೊಳಗೇ ಓಡಾಡಿ. ಮರ ಬರೋ ಕಡೆ ಒಂದು ಉದ್ದ ಕೋಲು ನೆಟ್ಟು ಒಳಗಿಂದ ನೋಡಿ. 18ನೇ ಶತಮಾನದ ಇಂಗ್ಲೆಂಡಲ್ಲಿ ಲ್ಯಾನ್ಸೆಲಾಟ್ ಬ್ರೌನ್ ಅನ್ನೋ ತೋಟಗಾರರು ಯಾವ ಜಾಗ ನೋಡಿದ್ರೂ "ಇದಕ್ಕೆ ಸಾಮರ್ಥ್ಯ ಇದೆ" ಅಂತಿದ್ರಂತೆ, ಅದಕ್ಕೇ ಅವರಿಗೆ 'ಕೇಪಬಿಲಿಟಿ' ಬ್ರೌನ್ ಅಂತ ಹೆಸರು ಬಂತು. ಜಾಗದಲ್ಲಿ ಏನಿದೆ ಅಂತ ಮೊದಲು ನೋಡೋ ಆ ಅಭ್ಯಾಸ ಹಗ್ಗ ಹಾಸಿ ನಡೆದಾಡಿದಾಗಲೇ ಬರೋದು.

ಈಗ ಗಿಡ

ಗಿಡ ಆರಿಸುವಾಗ ಬೆಳೆದು ನಿಂತಾಗಿನ ಅಗಲ ನೋಡಿ, ಕುಂಡದಲ್ಲಿರೋ ಅಗಲ ಅಲ್ಲ. ನಕ್ಷೆ ಮೇಲೆ ಆ ಪೂರ್ತಿ ಅಗಲದ ವೃತ್ತನೇ ಬಿಡಿಸಿ. ಮೊದಲ ಮೂರು ವರ್ಷ ಮಧ್ಯೆ ಮಧ್ಯೆ ಖಾಲಿ ಕಾಣುತ್ತೆ, ಅಲ್ಲಿ ಒಂದೇ ಹಂಗಾಮಿನ ಹೂಗಿಡ ಹಾಕ್ಕೊಳ್ಳಿ, ಕಾಯ್ಕೊಳ್ಳಿ. ಮೊದಲು ಮರ, ಆಮೇಲೆ ಪೊದೆ, ಆಮೇಲೆ ಬಹುವಾರ್ಷಿಕ, ಕೊನೆಗೆ ನೆಲ ಮುಚ್ಚೋ ಗಿಡ. ಮಣ್ಣು ಬರಿದಾಗಿದ್ದಷ್ಟೂ ಕಳೆ ಜಾಸ್ತಿ.

ಒಂದೇ ಜಾತಿಯ ಗಿಡದಿಂದ ಇಡೀ ಬೇಲಿ ಮಾಡೋದು ನೋಡೋಕೆ ಚೆಂದ, ಆದ್ರೆ ಒಂದು ರೋಗ ಬಂದ್ರೆ ಪೂರ್ತಿ ಹೋಗುತ್ತೆ. ಯುರೋಪ್, ಉತ್ತರ ಅಮೆರಿಕದ ಬೀದಿಗಳಲ್ಲಿ ಸಾಲು ಸಾಲು ಎಲ್ಮ್ ಮರಗಳು ಒಂದು ಶಿಲೀಂಧ್ರ ರೋಗಕ್ಕೆ ಹೀಗೇ ಹೋದವು. 1990ರಲ್ಲಿ ಫ್ರಾಂಕ್ ಸಾಂಟಮೋರ್ ಅನ್ನೋ ವಿಜ್ಞಾನಿ ನಗರದ ಮರಗಳಿಗೆ ಒಂದು ಲೆಕ್ಕ ಕೊಟ್ರು: ಒಂದೇ ಪ್ರಭೇದ ಶೇ. 10, ಒಂದೇ ಕುಲ ಶೇ. 20, ಒಂದೇ ಕುಟುಂಬ ಶೇ. 30 ಮೀರಬಾರದು. ಸಣ್ಣ ತೋಟಕ್ಕೆ ಇದನ್ನ ಹಾಗೇ ಅನ್ವಯಿಸೋಕಾಗಲ್ಲ, ಆದ್ರೆ ಒಂದರ ಮೇಲೇ ಭಾರ ಹಾಕಬಾರದು ಅನ್ನೋದಂತೂ ಸತ್ಯ.

ಬಾಯಾರಿಕೆ ಒಂದೇ ಥರ ಇರೋ ಗಿಡಗಳನ್ನ ಒಂದೇ ಕಡೆ ಹಾಕಿ, ನೀರು ಜಾಸ್ತಿ ಕೇಳೋವು ನಲ್ಲಿಗೆ ಹತ್ರ, ಕಮ್ಮಿ ಸಾಕು ಅನ್ನೋವು ದೂರದ ಅಂಚಿಗೆ. ದಿನಾ ಮೇಲೆ ಮೇಲೆ ಚಿಮುಕಿಸಿದ್ರೆ ಬೇರು ಮೇಲೇ ಉಳ್ಕೊಳ್ಳುತ್ತೆ, ಬೇರೂರಿದ ಗಿಡಕ್ಕೆ ಅಪರೂಪಕ್ಕೆ ಆಳವಾಗಿ ನೀರು ಕೊಡಿ.

ನೆಡುವಾಗ ಗುಂಡಿ ಬೇರಿನ ಉಂಡೆಯಷ್ಟೇ ಆಳ, ಅಗಲ ಮಾತ್ರ ಎರಡು ಮೂರು ಪಟ್ಟು. ಕಾಂಡ ಬುಡದಲ್ಲಿ ಅಗಲ ಆಗೋ ಜಾಗ ಮಣ್ಣಿನ ಮೇಲೆ ಕಾಣ್ಬೇಕು, ಅದು ಹೂತುಹೋದ ಮರ ವರ್ಷಗಟ್ಟಲೆ ಸೊರಗಿ ಸಾಯುತ್ತೆ. ಕುಂಡದೊಳಗೆ ಸುತ್ತಿಕೊಂಡ ಬೇರನ್ನ ಬಿಡಿಸಿ, ಬರದಿದ್ರೆ ಕತ್ತರಿಸಿ. ದೊಡ್ಡ ಸಸಿಗಿಂತ ಸಣ್ಣದು ಬೇಗ ಹೊಂದ್ಕೊಳ್ಳುತ್ತೆ, ದುಡ್ಡೂ ಉಳಿಯುತ್ತೆ. ಮೇಲೆ 5ರಿಂದ 8 ಸೆಂ.ಮೀ. ಒಣಎಲೆ ಮುಚ್ಚಿಗೆ ಹಾಕಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ.

ಯಾವುದು ಮೊದಲು, ಯಾವುದು ಆಮೇಲೆ

ಎಲ್ಲಾನೂ ಒಂದೇ ವರ್ಷ ಮುಗಿಸೋ ಹಠ ಬೇಡ. ಮಣ್ಣು ಸಮ ಮಾಡೋದು, ನೀರು ಹೋಗೋ ದಾರಿ, ಪೈಪು, ಆಮೇಲೆ ಗೋಡೆ ಮೆಟ್ಟಿಲು ದಾರಿ, ಆಮೇಲೆ ಮರ, ಉಳಿದದ್ದು ಮುಂದಿನ ವರ್ಷಗಳಿಗೆ ಬಿಡಿ. ಕಟ್ಟಡದ ಕೆಲಸ ನಡೆಯುವಾಗ ಹಳೇ ಮರ ಇದ್ರೆ ಅದರ ಕೊಂಬೆ ಹರಡಿರೋ ಅಗಲಕ್ಕೂ ಆಚೆಗೆ ಬೇಲಿ ಹಾಕಿ ಕಾಪಾಡಿ, ಯಾಕಂದ್ರೆ ಬಹುಪಾಲು ಬೇರು ಮೇಲಿನ 60 ಸೆಂ.ಮೀ. ಮಣ್ಣಲ್ಲೇ ಇರುತ್ತೆ, ಒಂದು ಲಾರಿ ನಾಲ್ಕು ಸಲ ಹೋಗಿ ಬಂದ್ರೂ ಸಾಕು ಅಲ್ಲಿ ಮಣ್ಣು ಬಿಗಿದು ಬೇರಿಗೆ ಗಾಳಿ ಸಿಗಲ್ಲ.

ಮೊದಲ ಎರಡು ಬೇಸಿಗೆ ಮರಕ್ಕೆ ನೀರು ತಪ್ಪಿಸ್ಬೇಡಿ. ಕಟ್ಟಿದ ಕೋಲನ್ನ ಒಂದು ವರ್ಷಕ್ಕೆ ಬಿಚ್ಚಿ, ಗಾಳಿಗೆ ಸ್ವಲ್ಪ ಓಲಾಡಿದ್ರೇನೇ ಕಾಂಡ ದಪ್ಪ ಆಗೋದು. ಕೊಂಬೆ ಒಂದಕ್ಕೊಂದು ಉಜ್ತಿದ್ರೆ, ಎರಡು ತುದಿ ಪೈಪೋಟಿಗೆ ಬಿದ್ದಿದ್ರೆ ಎಳೇದ್ರಲ್ಲೇ ಒಂದನ್ನ ತೆಗೀರಿ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನೋ ಮಾತು ಇಲ್ಲಿ ಅಕ್ಷರಶಃ ನಿಜ. ವರ್ಷಕ್ಕೊಮ್ಮೆ ಅದೇ ಮೊದಲ ಹಾಳೆ ತೆಗೆದು ಹೆಸರುಗಳ ಮುಂದೆ ಏನು ಬದಲಾಗಿದೆ ನೋಡಿ, ಮರಳಿನ ಗುಂಡಿ ಬೇಡವಾಗಿದ್ರೆ ಅದೇ ಗುಂಡಿ ಕೊಳ ಆಗ್ಬಹುದು, ಪಾತಿ ಎತ್ತರ ಮಾಡೋ ಹೊತ್ತು ಬಂದಿರ್ಬಹುದು. ನೆಲದೊಳಗೆ ಹಾಕಿದ ಪೈಪು ಎಲ್ಲಿ, ಎಷ್ಟು ಆಳದಲ್ಲಿದೆ ಅಂತ ನಕ್ಷೆ ಮೇಲೆ ಇಂಕಲ್ಲಿ ಬರೆದು ಮೀಟರ್ ಬೋರ್ಡ್ ಹತ್ರ ಅಂಟಿಸಿಡಿ, ಮುಂದೆ ಅಲ್ಲಿ ಗುದ್ದಲಿ ಹಿಡಿಯೋದು ನೀವಲ್ಲದೆ ಬೇರೆ ಯಾರಾದ್ರೂ ಆಗಿರ್ಬಹುದು.