ಏಣಿ ಹತ್ತುವ ಮುಂಚೆ ಬುಡ ನೋಡುವುದು

ಹುಬ್ಬಳ್ಳಿ-ಧಾರವಾಡದಲ್ಲಿ ಮನೆಗಳಿಗೆ ಬಣ್ಣ ಹೊಡೆಯುವ ಕೆಲಸ ನನ್ನದು. ಏಣಿ ಇಟ್ಟ ಕೂಡಲೇ ಎಲ್ಲರ ಕಣ್ಣು ಮೇಲಿನ ತುದಿಗೆ ಹೋಗುತ್ತದೆ. ನಾನು ನೋಡುವುದು ಬುಡ.

ಏಣಿ ಎಷ್ಟು ಎತ್ತರಕ್ಕೆ ತಾಗುತ್ತದೋ ಅದರ ಕಾಲು ಭಾಗದಷ್ಟು ದೂರ ಗೋಡೆಯಿಂದ ಬುಡ ಇರಬೇಕು. 12 ಅಡಿಗೆ 3 ಅಡಿ. ಹತ್ತಿರ ಇಟ್ಟರೆ ಮೈ ಸ್ವಲ್ಪ ಹಿಂದಕ್ಕೆ ವಾಲಿದರೂ ಏಣಿ ಜೊತೆಗೇ ಬರುತ್ತದೆ. ದೂರ ಇಟ್ಟರೆ ಬುಡ ಜಾರುತ್ತದೆ. ಟೇಪ್ ಇಲ್ಲವೇ? ಬುಡಕ್ಕೆ ಕಾಲ್ಬೆರಳು ತಾಗಿಸಿ ನೆಟ್ಟಗೆ ನಿಂತು, ಎರಡೂ ಕೈ ಭುಜದ ಮಟ್ಟಕ್ಕೆ ಮುಂದೆ ಚಾಚಬೇಕು. ಅಂಗೈಗೆ ಮೆಟ್ಟಿಲು ಸಿಕ್ಕರೆ ಓರೆ ಸರಿಯಾಗಿದೆ.

ಹತ್ತಿದಷ್ಟೂ ಬುಡವನ್ನು ಹೊರಗೆ ತಳ್ಳುವ ಒತ್ತಡ ಹೆಚ್ಚುತ್ತದೆ. ಕೆಳಗಿನ ನಾಲ್ಕು ಮೆಟ್ಟಿಲಲ್ಲಿ ಗಟ್ಟಿಯಾಗಿದ್ದ ಏಣಿ ಮೇಲೆ ಹೋದ ಮೇಲೆ ಜಾರುವುದು ಇದಕ್ಕೇ. ಹಾಗಾಗಿ ಕೆಳಗೆ ನಿಂತು ಅಲ್ಲಾಡಿಸಿ ನೋಡಿದ್ದು ಸಾಲದು. ಫರ್ಸಿ, ಟೈಲ್ಸ್ ನೆಲದ ಮೇಲೆ ಗೋಣಿಚೀಲ ಹಾಸುವವರಿದ್ದಾರೆ, ಅದು ಚೀಲದ ಸಮೇತ ಜಾರುತ್ತದೆ. ಬುಡದ ಎರಡೂ ಕಾಲನ್ನು ಕಿಟಕಿಯ ಸರಳಿಗೋ ಕಂಬಕ್ಕೋ ಹಗ್ಗದಿಂದ ಬಿಗಿಯುವುದೇ ಸರಿ. ರಬ್ಬರ್ ಬೂಟು ಸವೆದು ಅಲ್ಯೂಮಿನಿಯಂ ಕಾಣುತ್ತಿದ್ದರೆ ಬೂಟು ಬದಲಿಸದೆ ಆ ಏಣಿ ಮುಟ್ಟಬೇಡಿ.

ಧಾರವಾಡದ ಮಳೆಗಾಲದಲ್ಲಿ ಅಂಗಳದ ಪಾಚಿಯನ್ನು ತಂತಿ ಬ್ರಷ್‌ನಿಂದ ಕೆರೆದು ಒಣಗಿಸಿಯೇ ಏಣಿ ಇಡುತ್ತೇನೆ. ನವಲಗುಂದ, ಗದಗ ಕಡೆಯ ಎರಿ ಮಣ್ಣಿನದು ಬೇರೆ ಪಾಡು. ಹಸಿ ಇದ್ದಾಗ ಒಂದು ಕಾಲು ಸದ್ದಿಲ್ಲದೆ ಹೂತು ಏಣಿ ಪಕ್ಕಕ್ಕೆ ವಾಲುತ್ತದೆ, ಬ್ಯಾಸಿಗೆಯಲ್ಲಿ ಕಾಲು ಬಿರುಕಿಗೇ ಇಳಿಯುತ್ತದೆ. ಎರಡು ಕಾಲಿಗೂ ಸೇರಿ ಒಂದೇ ಅಗಲ ಹಲಗೆ ಹಾಕಿ, ಅದು ಜಾರದಂತೆ ಮುಂದೆ ಎರಡು ಗೂಟ ಬಡಿಯಬೇಕು. ಒಂದು ಕಾಲಿನಡಿ ಇಟ್ಟಿಗೆ ತುಂಡು ಕೊಟ್ಟು ಮಟ್ಟ ಮಾಡುವುದು ಬೇಡವೇ ಬೇಡ.

ಹಂಚಿನ ಮನೆಯಲ್ಲಿ ಹಂಚಿನ ಅಂಚಿಗೆ ಒರಗಿಸಿದರೆ ಹಂಚು ಒಡೆದು ತುದಿ ಸರಿಯುತ್ತದೆ, ಗೋಡೆಗೇ ಒರಗಿಸಿ. ಮಾಳಿಗೆಗೆ ಇಳಿಯುವುದಿದ್ದರೆ ಏಣಿ ಅಂಚಿನಿಂದ 3 ಅಡಿ ಮೇಲಿರಬೇಕು. 12 ಅಡಿ ಮಾಳಿಗೆಗೆ 16 ಅಡಿ ಏಣಿ ಬೇಕು.

ಹತ್ತುವಾಗ ಕೈ ಖಾಲಿ ಇರಲಿ. ಬಣ್ಣದ ಡಬ್ಬಿಯನ್ನು ಹಗ್ಗದಿಂದ ಎಳೆದುಕೊಂಡು ಎಸ್ ಕೊಕ್ಕೆಗೆ ತೂಗುಹಾಕುತ್ತೇನೆ. ಹೊಕ್ಕುಳು ಎರಡು ಬದಿಯ ಗಳಗಳ ನಡುವೆಯೇ ಇರಬೇಕು, ಅದು ಹೊರಗೆ ಹೋಯಿತೆಂದರೆ ಇಳಿದು ಏಣಿ ಸರಿಸುವ ಹೊತ್ತು ಬಂದಂತೆ. ಮೇಲಿನ ಮೂರು ಮೆಟ್ಟಿಲ ಮೇಲೆ ನಿಲ್ಲುವುದಿಲ್ಲ. ಮಡಚುವ ಏಣಿಯನ್ನು ಪೂರ್ತಿ ಬಿಚ್ಚಿ ಪಟ್ಟಿ ಲಾಕ್ ಮಾಡಿಯೇ ಹತ್ತಬೇಕು, ಮಡಚಿ ಗೋಡೆಗೆ ಒರಗಿಸಬಾರದು.

ಕರೆಂಟ್ ತಂತಿ ಹತ್ತಿರವಿದ್ದರೆ ಅಲ್ಯೂಮಿನಿಯಂ ಏಣಿ ತರುವುದೇ ಇಲ್ಲ. ಬಿದಿರು ಕೂಡ ತೊಯ್ದರೆ ಕರೆಂಟ್ ಹರಿಸುತ್ತದೆ. ಯಾವ ಏಣಿಯಾದರೂ ತಂತಿಯಿಂದ 10 ಅಡಿ ದೂರವಿರಲಿ. ಒಯ್ಯುವಾಗ ಅಡ್ಡ ಹಿಡಿದೇ ಒಯ್ಯಿ.

ಬಿದಿರಿನ ಏಣಿಯನ್ನು ನೆಲಕ್ಕೆ ಮಲಗಿಸಿ ಪ್ರತಿ ಮೆಟ್ಟಿಲನ್ನೂ ತಿರುಚಿ ನೋಡುತ್ತೇನೆ. ತೂತಿನಲ್ಲಿ ಮೆಟ್ಟಿಲು ತಿರುಗಿದರೆ, ಗೆಣ್ಣಿನ ಬಳಿ ಹಿಟ್ಟಿನಂಥ ಪುಡಿ ಉದುರಿದರೆ ಅದನ್ನು ಒಲೆಗೆ ಹಾಕುವುದು. ಬಿದಿರಿಗೆ ಬಣ್ಣ ಬಳಿಯಬೇಡಿ, ಸೀಳು ಕಾಣುವುದಿಲ್ಲ. ಕೆಲಸ ಮುಗಿದ ಮೇಲೆ ಮಳೆ ಬೀಳದ ಗೋಡೆಗೆ ಮೂರು ಗೂಟ ಬಡಿದು ಅಡ್ಡ ಮಲಗಿಸಿಡಿ. ಗೆದ್ದಲು ಹತ್ತುವುದಿಲ್ಲ, ಮಕ್ಕಳೂ ಹತ್ತುವುದಿಲ್ಲ.