ಗಿಳಿಯ ಬಟ್ಟಲಿಗೆ ಹಣ್ಣು ಹಾಕುವ ಮುಂಚೆ

ನಮ್ಮ ಮನೆಯಲ್ಲಿ ಒಂದು ಜೋಡಿ ಸನ್ ಕಾನ್ಯೂರ್ ಇವೆ, ದಕ್ಷಿಣ ಅಮೆರಿಕ ಮೂಲದ ಹಳದಿ ಗಿಳಿಗಳು. ನಮ್ಮ ಊರಿನ ಹಸಿರು ಗಿಳಿಗಳನ್ನು ಸಾಕುವುದಕ್ಕೆ 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ಅವು ಮರದ ಮೇಲೆಯೇ ಚೆಂದ.

ಮನೆಗೆ ಬಂದವರದ್ದು ಒಂದೇ ಮಾತು: "ಗಿಳಿ ಹಣ್ಣು ತಿನ್ನೋದು ತಾನೇ, ಜಾಸ್ತಿ ಕೊಟ್ರೆ ಏನಾಗುತ್ತೆ?" ಕಾಡಿನ ಗಿಳಿ ದಿನವಿಡೀ ಹಾರಾಡಿ ಅರಗಿಸಿಕೊಳ್ಳುತ್ತದೆ. ಪಂಜರದಲ್ಲಿರುವುದಕ್ಕೆ ಆ ಕೆಲಸವೇ ಇಲ್ಲ. ನಮ್ಮವುಗಳ ತೂಕ ನೂರು ಗ್ರಾಂ ಆಚೀಚೆ. ಅದಕ್ಕೆ ಅರ್ಧ ಬಾಳೆಹಣ್ಣು ಅಂದರೆ ಎಷ್ಟು ಸಕ್ಕರೆ, ಯೋಚಿಸಿ. ಹಾಗಾಗಿ ಪೆಲೆಟ್ (ಹಕ್ಕಿಗಳಿಗೆಂದೇ ಮಾಡಿದ ಗುಳಿಗೆಯಂಥ ಆಹಾರ), ಸೊಪ್ಪು, ತರಕಾರಿಯೇ ಮುಖ್ಯ ಊಟ. ಹಣ್ಣು ಹತ್ತರಲ್ಲಿ ಒಂದು ಪಾಲು, ಅಷ್ಟೇ.

ಬಟರ್ ಫ್ರೂಟ್ ಅಂದರೆ ಬೆಣ್ಣೆಹಣ್ಣನ್ನು ಮಾತ್ರ ಗಿಳಿಗೆ ತೋರಿಸಲೂಬಾರದು. ಅದರಲ್ಲಿರುವ ಪರ್ಸಿನ್ ಅನ್ನುವ ಅಂಶ ಹಕ್ಕಿಯ ಹೃದಯಕ್ಕೇ ಪೆಟ್ಟು ಕೊಡುತ್ತದೆ, ಜೀವ ಹೋಗಬಹುದು. ಬೆಂಗಳೂರಿನಲ್ಲಿ ಇದರ ಜ್ಯೂಸ್ ಮನೆಮನೆಯಲ್ಲೂ ಮಾಡುತ್ತಾರೆ. ನಾವೂ ಮಾಡುತ್ತೇವೆ. ಆದರೆ ಆವತ್ತು ಗಿಳಿಗಳು ಪಂಜರದಿಂದ ಹೊರಗೆ ಬರುವುದಿಲ್ಲ. ಆ ಚಾಕು, ಮಣೆ ತೊಳೆಯದೆ ಬೇರೆ ಹಣ್ಣು ಹೆಚ್ಚುವುದೂ ಇಲ್ಲ.

ಉಳಿದ ಹಣ್ಣುಗಳಲ್ಲಿ ಬೀಜದ ಕಡೆ ಗಮನ ಕೊಡಬೇಕು. ಸೇಬಿನ ಬೀಜ ಜಗಿದರೆ ಸಯನೈಡ್ ಹುಟ್ಟುತ್ತದೆ. ಗಿಳಿ ಬೀಜವನ್ನು ನುಂಗುವ ಪ್ರಾಣಿಯಲ್ಲ, ಒಡೆದೇ ತಿನ್ನುವುದು. ಅದಕ್ಕೇ ಸೇಬನ್ನು ನಾಲ್ಕು ಹೋಳು ಮಾಡಿ, ನಡುವಿನ ಗಟ್ಟಿ ಭಾಗ ಪೂರ್ತಿ ಕೆತ್ತಿ ತೆಗೆಯುತ್ತೇನೆ. ಸೀತಾಫಲದ ಬೀಜವೂ ವಿಷ. ಸಪೋಟದ ಬೀಜವನ್ನೂ ತೆಗೆಯುತ್ತೇನೆ. ಪಪ್ಪಾಯಿ, ಸೀಬೆ, ದಾಳಿಂಬೆ ಬೀಜಗಳಿಗೆ ಏನೂ ಭಯವಿಲ್ಲ. ಮಾವಿನಹಣ್ಣಿಗೆ ಸಿಪ್ಪೆ, ಸೊನೆ ಎರಡೂ ಹೋಗಬೇಕು. ಪಪ್ಪಾಯಿ, ಮಾವು ನಾನು ಬೇಕೆಂದೇ ಕೊಡುತ್ತೇನೆ. ಬರೀ ಕಾಳು ತಿಂದು ಬೆಳೆದ ಗಿಳಿಗಳಿಗೆ ಎ ವಿಟಮಿನ್ ಕೊರತೆ ಸಾಮಾನ್ಯ.

ದಾಳಿಂಬೆ ತಿನ್ನುವುದನ್ನು ನೋಡಬೇಕು! ಒಂದು ಕಾಳನ್ನು ಕಾಲಲ್ಲಿ ಹಿಡಿದು, ಕೊಕ್ಕಿನ ತುದಿಯಿಂದ ಕಚ್ಚಿ, ದಪ್ಪ ನಾಲಿಗೆಯಿಂದ ರಸ ಹೀರಿ, ಒಳಗಿನದನ್ನು ಉಗುಳುತ್ತದೆ. ಎದೆಯ ಹಳದಿ ಗರಿಯ ತುಂಬ ಕೆಂಪು ಚುಕ್ಕೆ. ಗೋಡೆಗೂ ಪಾಲು ಸಿಗುತ್ತದೆ.

ದ್ರಾಕ್ಷಿಯ ಮೇಲೆ ಔಷಧಿ ಜಾಸ್ತಿ ಹೊಡೆದಿರುತ್ತಾರೆ. ಅಡುಗೆ ಸೋಡಾ ಕದಡಿದ ನೀರಲ್ಲಿ ಕಾಲು ಗಂಟೆ ನೆನೆಸಿ, ನಲ್ಲಿ ನೀರಲ್ಲಿ ಚೆನ್ನಾಗಿ ತೊಳೆಯುತ್ತೇನೆ. ಒಳಗೆ ಸೇರಿದ್ದು ಹೋಗುವುದಿಲ್ಲ, ಸಿಪ್ಪೆಯ ಮೇಲಿನದು ಕಡಿಮೆಯಾಗುತ್ತದೆ. ಉಪ್ಪು, ಚಾಟ್ ಮಸಾಲೆ ಹಾಕಿದ ಹೋಳು ಬೇಡವೇ ಬೇಡ. ನಾವು ಕಚ್ಚಿದ್ದನ್ನು ಕೊಡುವುದೂ ಬೇಡ, ನಮ್ಮ ಎಂಜಲಿನ ಬ್ಯಾಕ್ಟೀರಿಯಾ ಹಕ್ಕಿಗೆ ಆಗಿಬರುವುದಿಲ್ಲ.

ಹಣ್ಣು ಬೆಳಿಗ್ಗೆಯೇ, ಸ್ಟೀಲ್ ಬಟ್ಟಲಲ್ಲಿ. ಎರಡು ಗಂಟೆಯೊಳಗೆ ಉಳಿದದ್ದನ್ನು ತೆಗೆದುಬಿಡುತ್ತೇನೆ, ಬೇಸಿಗೆಯಲ್ಲಿ ಇನ್ನೂ ಬೇಗ. ಕಡ್ಡಿಗೆ ಅಂಟಿದ್ದನ್ನೂ ಒರೆಸಬೇಕು, ಬೂಷ್ಟು ಹಿಡಿಯುವುದು ಅಲ್ಲೇ.

ಹಣ್ಣು ತಿಂದ ಮೇಲೆ ಹಿಕ್ಕೆ ನೀರಾಗಿ ಕಂಡರೆ ಮೊದಲು ಸರಿಯಾಗಿ ನೋಡಿ. ಸುತ್ತ ನೀರು ಜಾಸ್ತಿಯಿದ್ದು ನಡುವಿನ ಹಸಿರು ಭಾಗ ಗಟ್ಟಿಯಿದ್ದರೆ ಅದು ಹಣ್ಣಿನ ನೀರು, ಕೆಲವು ಗಂಟೆಯಲ್ಲಿ ಸರಿಹೋಗುತ್ತದೆ. ಹಸಿರು ಭಾಗವೇ ಕಲಸಿಹೋಗಿದ್ದರೆ, ಗಿಳಿ ಗರಿ ಉಬ್ಬಿಸಿಕೊಂಡು ಕೂತಿದ್ದರೆ, ಕಾಯಬೇಡಿ. ಹಕ್ಕಿಗಳನ್ನು ನೋಡುವ ವೈದ್ಯರ ಹತ್ತಿರ ಆವತ್ತೇ ಕರೆದುಕೊಂಡು ಹೋಗಿ.